ಆಟವಾಗಿ ಹೂಡಿದ ಇತಿಹಾಸ

ಹಳಗನ್ನಡವನ್ನು ಪಾಠ ಹೇಳುವ ಅಧ್ಯಾಪಕನಿಗೆ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ ಬಗೆಯವು. ‘ಇದು ಪರೀಕ್ಷೆಗೆ ಬರುತ್ತದೆಯೆ?’ ಎಂಬುದು ಒಂದು; ‘ಎಷ್ಟು ಪುಟ ಬರೆಯಬೇಕು?’ ಎಂಬುದು ಇನ್ನೊಂದು. ಹದಿನೇಳು ವರ್ಷಗಳ ಅಧ್ಯಾಪನದಲ್ಲಿ ಈ ಎರಡಕ್ಕೂ ನನ್ನಲ್ಲಿ ಸಿದ್ಧವಾದ ಉತ್ತರಗಳಿವೆ. ಆದಕಾರಣ ಕಳೆದ ವರ್ಷ ಪದವಿ ತರಗತಿಯ ಹುಡುಗನೊಬ್ಬ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, ‘ಸರ್, ತಕ್ಕೋಲದ ಕಾಳಗದಲ್ಲಿ ಬೂತುಗನ ಕಡೆ ಎಷ್ಟು ಆನೆಗಳಿದ್ದವು?’ ಎಂದು ಕೇಳಿದಾಗ ನಾನು ಕೈಯಲ್ಲಿದ್ದ ಚಹದ ಲೋಟವನ್ನು ಕೆಳಗಿಟ್ಟೆ.

ಆತಕೂರಿನ ಶಾಸನ ನಮ್ಮ ತರಗತಿಗೆ ಪಠ್ಯವಾಗಿತ್ತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಈ ಊರಿನ ಕಲ್ಲು ಕನ್ನಡ ಓದಿದವರಿಗೆ ಅಪರಿಚಿತವಲ್ಲ. ಕ್ರಿ. ಶ. ೯೪೯ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ತನ್ನ ಸೋದರಿಯನ್ನು ವರಿಸಿದ್ದ ಗಂಗರ ಬೂತುಗನ ನೆರವಿನಿಂದ, ತಕ್ಕೋಲವೆಂಬಲ್ಲಿ ಚೋಳರನ್ನು ಎದುರಿಸಿದ. ಪರಾಂತಕ ಚೋಳನ ಮಗ ರಾಜಾದಿತ್ಯ ಆ ಕಾಳಗದಲ್ಲಿ ಮಡಿದ. ಬೂತುಗನ ಕಡೆ ಕಾದಿದ ಮಣಲೇರನೆಂಬ ವೀರ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಕಲ್ಲು ನೆಟ್ಟದ್ದು ಆ ನಾಯಿಯ ನೆನಪಿಗೆ. ಮಹಾಯುದ್ಧದ ವೃತ್ತಾಂತ ಅದರ ಬೆನ್ನಿಗೆ ಬಂದದ್ದು.

ಇಷ್ಟನ್ನು ನಾನು ವರ್ಷಕ್ಕೊಮ್ಮೆ ಹೇಳುತ್ತೇನೆ, ಹುಡುಗರು ಬರೆದುಕೊಳ್ಳುತ್ತಾರೆ. ಆನೆಗಳ ಎಣಿಕೆಯನ್ನು ಕೇಳಿದವರು ಯಾರೂ ಇರಲಿಲ್ಲ. ಸಂತೋಷದಿಂದ, ‘ಯಾತಕ್ಕಪ್ಪಾ ಬೇಕು? ಪ್ರಬಂಧ ಬರೆಯುತ್ತಿದ್ದೀಯಾ?’ ಎಂದೆ. ಹುಡುಗ ಸ್ವಲ್ಪ ತಡವರಿಸಿ, ‘ಇಲ್ಲ ಸರ್, ಒಂದು ಗೇಮ್ ಮಾಡುತ್ತಿದ್ದೇನೆ, ಕಂಪ್ಯೂಟರಿನಲ್ಲಿ’ ಎಂದ. ನನ್ನ ಸಂತೋಷ ಇಳಿದುಹೋಯಿತು. ‘ಪರೀಕ್ಷೆಗೆ ಆರು ವಾರ ಕೂಡ ಇಲ್ಲ. ರಾಷ್ಟ್ರಕೂಟರನ್ನು ಕಟ್ಟಿಕೊಂಡು ಗೊಂಬೆಯಾಟ ಆಡುತ್ತೀಯಾ? ನಿಮ್ಮಪ್ಪ ಇದಕ್ಕೇನು ನಿನ್ನನ್ನು ಕಾಲೇಜಿಗೆ ಕಳಿಸಿದ್ದು?’ ಎಂದು, ಉಳಿದ ಅಧ್ಯಾಪಕರು ಕೇಳುವಂತೆಯೇ ಗದರಿದೆ. ‘ಆಗಲಿ ಸರ್’ ಎಂದಷ್ಟೇ ಹೇಳಿ ಅವನು ಹೊರಟುಹೋದ. ಮುಂದಿನ ಎಂಟು ದಿನ ನನ್ನ ತರಗತಿಗೆ ಅವನು ಬರಲಿಲ್ಲ.

ಎಂಟು ದಿನವೂ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನ್ನ ಕೋಪಕ್ಕೆ ಕಾರಣ ಆಟವೊಂದೇ ಆಗಿರಲಿಲ್ಲವೆಂಬುದು ನಿಧಾನವಾಗಿ ಅರಿವಾಯಿತು. ಬೂತುಗನ ಆನೆಗಳ ಸಂಖ್ಯೆ ನನಗೆ ಗೊತ್ತಿರಲಿಲ್ಲ. ಶಾಸನ ಅದನ್ನು ಹೇಳುವುದಿಲ್ಲ. ಹೇಳುವುದಿಲ್ಲವೆಂಬ ಸಂಗತಿಯೂ ಆ ಹುಡುಗ ಕೇಳುವವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಒಂಬತ್ತನೆಯ ದಿನ ಅವನನ್ನು ಕರೆಸಿ, ‘ಎಲ್ಲಿ, ಆ ನಿನ್ನ ಆಟವನ್ನು ತೋರಿಸು’ ಎಂದೆ. ಅಂದಿನಿಂದ ಎರಡು ತಿಂಗಳು ನಾನು ಕಲಿತದ್ದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಆಟದ ಜಾತಿಯನ್ನು ಹೇಳಬೇಕು. ಗಣಕಯಂತ್ರದ ಆಟವೆಂದರೆ ಗುಂಡು ಹಾರಿಸುವ ಗದ್ದಲವೆಂದೇ ನಾನು ತಿಳಿದಿದ್ದೆ. ಇದು ಹಾಗಲ್ಲ. ಚದುರಂಗದಂತೆ ಇದು ಸರದಿಯ ಆಟ. ನೀವು ನಿಮ್ಮ ನಡೆಗಳನ್ನೆಲ್ಲ ನಡೆಸಿ ಮುಗಿಸುವ ತನಕ ಎದುರಾಳಿ ಕಾಯುತ್ತಾನೆ. ಬೇಕಾದರೆ ಒಂದು ನಡೆಗೆ ಒಂದು ರಾತ್ರಿಯೆಲ್ಲ ಯೋಚಿಸಬಹುದು. ಇದರ ವಂಶಾವಳಿ ದೊಡ್ಡದು. ನಾಲ್ಕು ಅಂಗದ ಸೈನ್ಯವನ್ನು ಹಲಗೆಯ ಮೇಲೆ ನಿಲ್ಲಿಸಿದ ನಮ್ಮ ಚತುರಂಗವೇ ಮೂಲಪುರುಷ. ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್ ನಿಜವಾದ ಭೂಪಟದ ಮೇಲೆ ಪಡೆಗಳನ್ನಿಟ್ಟು, ದಾಳ ಎಸೆದು ಕಾದಾಟವನ್ನು ತೀರ್ಮಾನಿಸುವ ‘ಕ್ರೀಗ್ಸ್‌ಷ್ಪೀಲ್’ ಎಂಬ ಯುದ್ಧಕ್ರೀಡೆಯನ್ನು ಅಲ್ಲಿಯ ಸೈನ್ಯಕ್ಕೆ ಒಪ್ಪಿಸಿದ. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ ೧೯೫೪ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಹಲಗೆಯಾಟವನ್ನು ಮಾರಾಟಕ್ಕೆ ತಂದ. ೧೯೫೮ರಲ್ಲಿ ಅವನ ಸಂಸ್ಥೆ ಗೆಟ್ಟಿಸ್‌ಬರ್ಗ್ ಕದನವನ್ನೇ ಆಟವಾಗಿಸಿತು. ೧೯೯೧ರಲ್ಲಿ ಸಿಡ್ ಮಾಯರ್ ಎಂಬುವರು ‘ಸಿವಿಲೈಸೇಷನ್’ ಎಂಬ ಗಣಕಯಂತ್ರದ ಆಟವನ್ನು ರಚಿಸಿದರು. ಕ್ರಿಸ್ತಪೂರ್ವ ೪೦೦೦ದಲ್ಲಿ, ಕತ್ತಲು ಕವಿದ ಭೂಪಟದ ನಡುವೆ, ನೆಲಸಲು ತಾವು ಹುಡುಕುವ ಒಂದು ಗುಂಪಿನೊಡನೆ ಆಟ ಮೊದಲಾಗುತ್ತದೆ. ಊರು ಕಟ್ಟಬೇಕು, ಬೆಳೆ ತೆಗೆಯಬೇಕು, ವಿದ್ಯೆ ಕಲಿಯಬೇಕು, ನೆರೆಯವರೊಡನೆ ಸಂಧಿಯನ್ನೋ ವಿಗ್ರಹವನ್ನೋ ಮಾಡಬೇಕು.

ಆದರೆ ಈ ಆಟದಲ್ಲಿ ಇತಿಹಾಸದ ಹೆಸರುಗಳು ಮಾತ್ರ ಇವೆ, ಇತಿಹಾಸ ಇಲ್ಲ. ಇಲ್ಲಿ ರೋಮನರು ಚೀನೀಯರ ಪಕ್ಕದ ದ್ವೀಪದಲ್ಲಿ ಹುಟ್ಟಬಹುದು. ಈ ಕೊರತೆಯನ್ನು ತುಂಬಲು ಹೊರಟವರು ಆಟವನ್ನು ರಚಿಸಿದವರಿಗಿಂತ ಹೆಚ್ಚಾಗಿ ಅದನ್ನು ಆಡಿದವರು. ೧೯೯೬ರಲ್ಲಿ ಬಂದ ಎರಡನೆಯ ‘ಸಿವಿಲೈಸೇಷನ್’ ಆಟದೊಳಗೆ ಭೂಪಟವನ್ನೂ ಪಡೆಗಳನ್ನೂ ತಾವೇ ಹೂಡಿಕೊಳ್ಳುವ ಸಲಕರಣೆ ಇತ್ತು. ರೋಮಿನ ಏಳ್ಗೆ, ಎರಡನೆಯ ಮಹಾಯುದ್ಧ ಎಂಬ ಎರಡು ಮಾದರಿಗಳು ಜೊತೆಗಿದ್ದವು. ಆಟದ ನಿಯಮಗಳೆಲ್ಲ ಸಾಧಾರಣವಾದ ಒಂದು ಅಕ್ಷರಕಡತದಲ್ಲಿದ್ದುದರಿಂದ, ಅಕ್ಷರ ತಿದ್ದಬಲ್ಲವರೆಲ್ಲ ನಿಯಮವನ್ನೂ ತಿದ್ದಬಹುದಾಗಿತ್ತು. ಜಗತ್ತಿನ ನಾನಾ ದೇಶಗಳ ಆಟಗಾರರು, ಯಾರೂ ಹೇಳದೆ, ಯಾವ ಸಂಬಳವೂ ಇಲ್ಲದೆ, ತಮಗೆ ಪ್ರಿಯವಾದ ಇತಿಹಾಸದ ಒಂದೊಂದು ತುಂಡನ್ನು ಆಟವಾಗಿ ಹೂಡತೊಡಗಿದರು. ಇಂತಹ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ‘ಸಿನಾರಿಯೊ’ ಎಂದು ಹೆಸರು. ನಾಟಕಶಾಸ್ತ್ರದ ‘ಸನ್ನಿವೇಶ’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆಯಾದ್ದರಿಂದ ಮುಂದೆ ಅದನ್ನೇ ಬಳಸುತ್ತೇನೆ.

ಸನ್ನಿವೇಶವನ್ನು ಹೂಡುವ ಕೆಲಸ ಮೂರು ಅಂಗಗಳದು. ಮೊದಲನೆಯದು ಭೂಮಿ: ನದಿ, ಬೆಟ್ಟ, ಕಾಡು, ಬಯಲುಗಳನ್ನು ಚೌಕ ಚೌಕವಾಗಿ ಬಿಡಿಸಬೇಕು. ಎರಡನೆಯದು ನಿಯಮ: ಯಾವ ಪಡೆಗೆ ಎಷ್ಟು ಬಲ, ಯಾವ ವಿದ್ಯೆ ಯಾರಿಗೆ ಸಾಧ್ಯ, ಯಾರು ಯಾರಿಗೆ ವೈರಿ. ಮೂರನೆಯದು ಘಟನೆ. ಇದು ೧೯೯೬ರಲ್ಲೇ ಬಂದ ‘ಕಾನ್‌ಫ್ಲಿಕ್ಟ್ಸ್ ಇನ್ ಸಿವಿಲೈಸೇಷನ್’ ಎಂಬ ಪೂರಣದೊಂದಿಗೆ ಸೇರಿತು. ‘ಹೀಗಾದರೆ ಹೀಗಾಗಲಿ’ ಎಂಬುದೇ ಇದರ ವ್ಯಾಕರಣ. ಇಂಥ ಊರು ಇಂಥವರ ವಶವಾದರೆ, ಅಲ್ಲಿ ಹೊಸ ಪಡೆ ಹುಟ್ಟಲಿ. ಇಂಥ ಸರದಿ ಬಂದರೆ, ಬೊಕ್ಕಸದಿಂದ ಇಷ್ಟು ಹೊನ್ನು ಹೋಗಲಿ. ಇಂಥ ಪಡೆ ಮಡಿದರೆ, ಪರದೆಯ ಮೇಲೆ ಈ ಮಾತು ಮೂಡಲಿ. ‘ರೆ’ ಪ್ರತ್ಯಯ ಹತ್ತಿದ ವಾಕ್ಯವನ್ನು ನಾನು ವ್ಯಾಕರಣದ ಪಾಠದಲ್ಲಿ ಹೇಳಿಕೊಟ್ಟಿದ್ದೇನೆ. ಅದರಿಂದ ಒಂದು ಯುದ್ಧವನ್ನೇ ಕಟ್ಟಬಹುದೆಂದು ತಿಳಿದಿರಲಿಲ್ಲ.

ಸಲಕರಣೆಗೆ ಕಟ್ಟುಪಾಡುಗಳೂ ಇದ್ದವು. ಎರಡನೆಯ ‘ಸಿವಿಲೈಸೇಷನ್’ ಆಟದಲ್ಲಿ ಏಳು ಜನಾಂಗಗಳಿಗೆ ಮಾತ್ರ ಎಡೆ; ಅವುಗಳ ಹೊರಗೆ ಉಳಿದವರೆಲ್ಲ ‘ಬರ್ಬರರು’. ಆದುದರಿಂದ ಮಹಾಯುದ್ಧದ ಸನ್ನಿವೇಶದಲ್ಲಿ, ಯುದ್ಧಕ್ಕಿಳಿಯದ ಹಲವು ದೇಶಗಳನ್ನು ‘ತಟಸ್ಥರು’ ಎಂಬ ಒಂದೇ ಜನಾಂಗವಾಗಿ ಕಟ್ಟಬೇಕಾಯಿತು. ಒಬ್ಬರ ಮೇಲೆ ದಂಡೆತ್ತಿದರೆ ಎಲ್ಲರ ಮೇಲೂ ಎತ್ತಿದಂತೆಯೇ ಆಯಿತು. ಹುಡುಗ ಇದನ್ನು ತೋರಿಸಿದಾಗ ನಾನು ನಕ್ಕೆ. ಆಮೇಲೆ ಯೋಚಿಸಿದರೆ, ನಾವು ಬರೆಯುವ ಪಠ್ಯಪುಸ್ತಕಗಳಲ್ಲಿಯೂ ನಡೆಯುವುದು ಇದೇ. ಪುಟಗಳು ಇಷ್ಟೇ ಎಂದಾದಾಗ ಸೇವುಣರು, ಸಾಂತರರು, ನೊಳಂಬರು, ಆಳುಪರು ಇವರೆಲ್ಲ ‘ಇತರ ಸಾಮಂತರು’ ಎಂಬ ಒಂದು ಶೀರ್ಷಿಕೆಯ ಕೆಳಗೆ ಸೇರಿಹೋಗುತ್ತಾರೆ.

ಈ ಇಕ್ಕಟ್ಟಿನೊಳಗೇ ಕೆಲವರು ಬಹುದೊಡ್ಡ ಕೆಲಸ ಮಾಡಿದ್ದಾರೆ. ‘ರೆಡ್ ಫ್ರಂಟ್’ ಎಂಬುದು ಎರಡನೆಯ ‘ಸಿವಿಲೈಸೇಷನ್’ ಆಡಿದವರೆಲ್ಲ ನೆನೆಯುವ ಸನ್ನಿವೇಶ. ೧೯೪೧ರ ಜೂನ್ ೨೨ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಬಿದ್ದಾಗ ಮೊದಲಾದ ಮಹಾಸಮರವೇ ಇದರ ವಸ್ತು. ಆಟಗಾರ ಸೋವಿಯತ್ ಪಕ್ಷವನ್ನು ನಡೆಸಬೇಕು. ಸಾಧಾರಣ ಆಟದಲ್ಲಿ ಸೊನ್ನೆಯಿಂದ ಮೇಲೇರುವ ಸುಖವಿದೆ. ಇಲ್ಲಿ ಮೊದಲು ಸಿಗುವುದು ಸೋಲು. ನೆಲವನ್ನು ಬಿಟ್ಟುಕೊಡುತ್ತ, ಕಾಲವನ್ನು ಕೊಂಡುಕೊಳ್ಳುತ್ತ, ತಡೆದು ನಿಲ್ಲಬೇಕು. ಹಿಮ್ಮೆಟ್ಟುವುದು ಹೇಗಿರುತ್ತದೆಂಬುದನ್ನು ಬೆರಳ ತುದಿಯಲ್ಲಿ ಅರಿಯುವಂತೆ ಮಾಡುವುದು ಸಣ್ಣ ಸಾಧನೆಯಲ್ಲ.

ಇಂತಹ ಸನ್ನಿವೇಶಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಇದರ ರಚನೆಗಾರನನ್ನು ಕಾಡುವ ಮುಖ್ಯ ಸಮಸ್ಯೆ ನನಗೆ ಸ್ಪಷ್ಟವಾಯಿತು. ಇತಿಹಾಸ ನಡೆದಂತೆಯೇ ಆಟವೂ ನಡೆಯಬೇಕೆಂದು ಘಟನೆಗಳನ್ನೆಲ್ಲ ಬಿಗಿದರೆ ಆಟಗಾರ ಬರಿಯ ಪ್ರೇಕ್ಷಕನಾಗುತ್ತಾನೆ. ಎಲ್ಲವನ್ನೂ ಅವನ ಇಚ್ಛೆಗೆ ಬಿಟ್ಟರೆ, ಹತ್ತು ಸರದಿ ಕಳೆಯುವುದರೊಳಗಾಗಿ ಅದು ಯಾವ ದೇಶದ ಇತಿಹಾಸವೂ ಆಗಿರುವುದಿಲ್ಲ. ದೈವ ಎಷ್ಟು, ಪುರುಷಕಾರ ಎಷ್ಟು? ನಮ್ಮ ಕಾವ್ಯಗಳಲ್ಲಿ ಈ ಚರ್ಚೆಗೆ ಕೊನೆಯಿಲ್ಲ. ಈ ಹುಡುಗರು ಅದಕ್ಕೆ ಅಂಕಿಗಳಲ್ಲಿ ಉತ್ತರ ಬರೆಯಬೇಕು.

ಒಳ್ಳೆಯ ಉತ್ತರಗಳಲ್ಲೊಂದು ‘ರೈಸ್ ಅಂಡ್ ಫಾಲ್ ಆಫ್ ಸಿವಿಲೈಸೇಷನ್’. ‘ರೈ’ ಎಂಬ ಅಂಕಿತದ ಇಟಲಿಯ ಆಟಗಾರನೊಬ್ಬ ನಾಲ್ಕನೆಯ ‘ಸಿವಿಲೈಸೇಷನ್’ ಆಟದ ಮೇಲೆ ಇದನ್ನು ಕಟ್ಟಿದ. ಇದು ಎಷ್ಟು ಮೆಚ್ಚಿಗೆಯಾಯಿತೆಂದರೆ, ೨೦೦೭ರಲ್ಲಿ ಆಟದ ಪ್ರಕಾಶಕರೇ ತಮ್ಮ ‘ಬಿಯಾಂಡ್ ದ ಸೋರ್ಡ್’ ಎಂಬ ಪೂರಣದಲ್ಲಿ ಇದನ್ನು ಸೇರಿಸಿಕೊಂಡರು. ಇಲ್ಲಿ ಜನಾಂಗಗಳೆಲ್ಲ ಒಟ್ಟಿಗೆ ಹುಟ್ಟುವುದಿಲ್ಲ. ಭೂಮಿಯ ನಿಜವಾದ ಪಟದ ಮೇಲೆ, ತಮ್ಮ ತಮ್ಮ ಕಾಲ ಬಂದಾಗ, ತಮ್ಮ ತಮ್ಮ ನೆಲದಲ್ಲಿ ಹುಟ್ಟುತ್ತವೆ. ಹೊಸ ಜನಾಂಗ ತಲೆಯೆತ್ತಿದಾಗ ಅದರ ತವರು ನೆಲದಲ್ಲಿದ್ದ ಹಳಬರ ಊರುಗಳು ಅದರ ಕಡೆಗೆ ತಿರುಗಿಬಿಡಬಹುದು. ಮಿತಿಮೀರಿ ಹರಡಿದ ರಾಜ್ಯ ಅಸ್ಥಿರವಾಗಿ, ಒಳಗಿನಿಂದಲೇ ಒಡೆದು ಚೂರಾಗುತ್ತದೆ. ಪಿಡುಗುಗಳು ಬಂದು ಊರುಗಳನ್ನು ಸೊರಗಿಸುತ್ತವೆ. ಗೆಲ್ಲಲು ಜಗತ್ತನ್ನೇ ಹಿಡಿಯಬೇಕಾದ್ದಿಲ್ಲ; ಪ್ರತಿ ಜನಾಂಗಕ್ಕೂ ಅದರ ಇತಿಹಾಸದಿಂದಲೇ ಆಯ್ದ ಮೂರು ಗುರಿಗಳಿವೆ. ಅವನ್ನು ಸಾಧಿಸಿದರೆ ಸಾಕು. ಏಳುವುದರೊಡನೆ ಬೀಳುವುದನ್ನೂ ನಿಯಮವಾಗಿಸಿದುದು ಇದರ ಹೆಚ್ಚಳ.

ಇಲ್ಲಿಗೆ ಬಂದಾಗ ನಾನು ಹುಡುಗನನ್ನು, ‘ಇಷ್ಟೆಲ್ಲ ಇರುವಾಗ ನಿನಗೆ ತಕ್ಕೋಲವೇ ಏಕೆ ಬೇಕಾಯಿತು?’ ಎಂದು ಕೇಳಿದೆ. ಅವನು ಮಾತನಾಡದೆ ಇನ್ನೊಂದನ್ನು ತೆರೆದು ತೋರಿಸಿದ. ‘ರೈಸ್ ಅಂಡ್ ಫಾಲ್’ ತಳಹದಿಯ ಮೇಲೆ ಬೇರೊಬ್ಬ ಆಟಗಾರ ವರ್ಷಗಟ್ಟಲೆ ದುಡಿದು ಬೆಳೆಸಿದ ‘ಡಾನ್ ಆಫ್ ಸಿವಿಲೈಸೇಷನ್’ ಅದು. ಅದರಲ್ಲಿ ತಮಿಳರಿಗೂ ಸ್ಥಾನವಿದೆ. ಅವನು ತೋರಿಸಿದ ಆವೃತ್ತಿಯಲ್ಲಿ ಅವರಿಗಿಟ್ಟಿದ್ದ ಗುರಿಗಳಲ್ಲೊಂದು, ಕ್ರಿ. ಶ. ೧೦೦೦ದ ವೇಳೆಗೆ ದಖ್ಖನ್ನನ್ನೂ ಶ್ರೀವಿಜಯವನ್ನೂ ಅಧೀನಪಡಿಸಿಕೊಳ್ಳುವುದು. ‘ನೋಡಿ ಸರ್, ಅಲ್ಲಿ ನಾವು ಗೆಲ್ಲಬೇಕಾದ ನೆಲ ಮಾತ್ರ. ಅಲ್ಲಿ ಯಾರಿದ್ದರು ಎಂದು ಇಲ್ಲ’ ಎಂದ. ಕಂಪನಿಯವರದೇ ಆಟದಲ್ಲಿಯೂ ಸ್ಥಿತಿ ಬೇರೆಯಲ್ಲ. ೨೦೨೫ರಲ್ಲಿ ಬಂದ ಏಳನೆಯ ‘ಸಿವಿಲೈಸೇಷನ್’ ಮೌರ್ಯ, ಚೋಳ, ಮೊಗಲರನ್ನು ಮೂರು ಯುಗಗಳಿಗೆ ಹಂಚಿತು. ಮಾನ್ಯಖೇಟದ ಹೆಸರು ಆ ಮೂರರಲ್ಲಿ ಸೇರಲಿಲ್ಲ.

ನನಗೆ ಸ್ವಲ್ಪ ಆತಂಕವಾಯಿತು. ಇದು ನೆರೆಯವರ ಮೇಲಣ ಹಗೆಯನ್ನು ಗಣಕಯಂತ್ರಕ್ಕೆ ಇಳಿಸುವ ಹುನ್ನಾರವೇ ಎಂದು ಅನುಮಾನಿಸಿ ಕೇಳಿಯೂಬಿಟ್ಟೆ. ‘ಇಲ್ಲ ಸರ್. ನನ್ನ ಸನ್ನಿವೇಶದಲ್ಲಿ ಚೋಳರ ಪಕ್ಷವನ್ನೂ ಆಡಬಹುದು. ಆ ಕಡೆಯಿಂದ ಆಡುವುದೇ ಹೆಚ್ಚು ಕಷ್ಟ, ಅದೇ ಹೆಚ್ಚು ಚೆನ್ನ’ ಎಂದ. ಅವನು ಬಳಸುತ್ತಿದ್ದುದು ‘ಫ್ರೀಸಿವ್’ ಎಂಬ ಆಟ. ಡೆನ್ಮಾರ್ಕಿನ ಓರ್ಹೂಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ೧೯೯೫ರ ಕೊನೆಯಲ್ಲಿ ತೊಡಗಿ, ೧೯೯೬ರ ಜನವರಿಯಲ್ಲಿ ಆಡುವಷ್ಟು ಸಿದ್ಧಗೊಳಿಸಿ ಜಗತ್ತಿಗೆ ಕೊಟ್ಟ ಆಟ ಅದು. ದುಡ್ಡು ಕೊಡಬೇಕಾದ್ದಿಲ್ಲ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ, ನಿಯಮಗಳೆಲ್ಲ ಬಯಲಾಗಿರುವುದರಿಂದ ಯಾರು ಬೇಕಾದರೂ ತಿದ್ದಬಹುದು. ಅಣ್ಣನಿಂದ ಬಂದ ಹಳೆಯ ಲ್ಯಾಪ್‌ಟಾಪಿನಲ್ಲಿ ಅವನು ಕಾವೇರಿಯಿಂದ ಪಾಲಾರಿನವರೆಗಿನ ನೆಲವನ್ನು ಚೌಕ ಚೌಕವಾಗಿ ಬಿಡಿಸಿದ್ದ.

ಅವನ ಕೆಲಸ ನಿಂತಿದ್ದುದು ಆನೆಗಳ ಬಳಿ. ಆ ಆಟದ ಮೂಲ ನಿಯಮದಂತೆ ಆನೆಪಡೆಗೆ ಎರಗುವ ಬಲ ೪, ತಡೆಯುವ ಬಲ ೧, ಒಂದು ಸರದಿಗೆ ನಡೆ ೧. ಎಂದರೆ, ಮೇಲೆ ಬಿದ್ದರೆ ಭೀಕರ; ತನ್ನ ಮೇಲೆ ಬಿದ್ದರೆ ದುರ್ಬಲ. ‘ರಾಜಾದಿತ್ಯ ಆನೆಯ ಮೇಲಿದ್ದ ಸರ್. ತಡೆಯುವ ಬಲ ೧ ಎಂದು ಬಿಟ್ಟರೆ ಯಾರು ಹೋದರೂ ಅವನನ್ನು ಕೊಲ್ಲಬಹುದು. ಆಗ ಬೂತುಗ ಮಾಡಿದ್ದು ಏನು ದೊಡ್ಡದು? ೧ನ್ನು ೬ ಮಾಡಿದರೆ ಬೂತುಗ ಗೆಲ್ಲುವುದೇ ಇಲ್ಲ’ ಎಂದ. ಶೌರ್ಯವೆಂಬುದಕ್ಕೆ ಎಷ್ಟು ಅಂಕ ಕೊಡಬೇಕೆಂದು ನನ್ನನ್ನು ಕೇಳಿದವರು ಅವನೊಬ್ಬನೇ.

ಇದರ ಬೆನ್ನಿಗೇ ಇನ್ನೂ ಕಠಿನವಾದ ಪ್ರಶ್ನೆ ಬಂತು. ಬೂತುಗ ರಾಜಾದಿತ್ಯನನ್ನು ಕೊಂದದ್ದು ಹೇಗೆ? ಶಾಸನವನ್ನು ಮೊದಲು ಓದಿದಾಗ, ಒಂದು ಪದವನ್ನು ಬಿಡಿಸಿದ ರೀತಿಯಿಂದ, ಬೂತುಗ ವಂಚನೆಯಿಂದ ಇರಿದನೆಂದು ಅರ್ಥಮಾಡಿದ್ದರು. ಅನಂತರ ಆ ಪಾಠವನ್ನು ತಿದ್ದಿ, ಆನೆಯ ಮೇಲಣ ಅಂಬಾರಿಯನ್ನೇ ರಣಭೂಮಿಯಾಗಿಸಿಕೊಂಡು ಕಾದಿ ಕೊಂದನೆಂದು ತಿಳಿದರು. ಇತ್ತ ಚೋಳರ ಶಾಸನಗಳು ರಾಜಾದಿತ್ಯನನ್ನು ಆನೆಯ ಮೇಲೆಯೇ ಮಡಿದ ಅರಸನೆಂದು ಗೌರವದಿಂದ ನೆನೆಯುತ್ತವೆ. ತರಗತಿಯಲ್ಲಿ ನಾನು ಈ ಪಾಠಭೇದಗಳನ್ನು ಹೇಳಿ, ‘ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದ್ದಿತು’ ಎಂದು ಮುಂದಿನ ಸಾಲಿಗೆ ಹೋಗುವುದು ವಾಡಿಕೆ. ಆದರೆ ಘಟನೆಯ ಕಡತದಲ್ಲಿ ಭಿನ್ನಾಭಿಪ್ರಾಯವನ್ನು ಬರೆಯಲು ಬರುವುದಿಲ್ಲ. ವಂಚನೆಯಾದರೆ, ಇಷ್ಟನೆಯ ಸರದಿಯಲ್ಲಿ ರಾಜಾದಿತ್ಯನ ಪಡೆ ತಾನಾಗಿ ಅಳಿಯಬೇಕು. ಚೋಳನಾಗಿ ಆಡುವವನು ಎಷ್ಟೇ ಜಾಣನಾದರೂ ಅದನ್ನು ತಡೆಯಲಾರ. ನೇರವಾದ ಕಾಳಗವಾದರೆ, ಬೂತುಗನ ಪಡೆ ಆ ಚೌಕದ ತನಕ ಬಂದು, ದಾಳವನ್ನು ಎದುರಿಸಿ ಗೆಲ್ಲಬೇಕು, ಸೋಲಲೂಬಹುದು. ‘ಯಾವುದನ್ನು ಬರೆಯಲಿ ಸರ್?’ ಎಂದು ಹುಡುಗ ಕಾದು ಕುಳಿತ.

ಒಂದು ಪದದ ಸಂಧಿಯನ್ನು ಬಿಡಿಸುವುದರ ಮೇಲೆ, ಸಾವಿರ ವರ್ಷದ ಹಿಂದೆ ಸತ್ತ ಇಬ್ಬರ ಮಾನ ನಿಂತಿದೆ ಎಂಬುದು ನನಗೆ ಆ ಸಂಜೆ ಮನದಟ್ಟಾಯಿತು. ಮನೆಗೆ ಹೋಗಿ ಶಾಸನಪಾಠವನ್ನು ತೆಗೆದು ಮತ್ತೆ ಓದಿದೆ. ಅಂಬಾರಿಯ ಪಾಠವೇ ಸರಿಯೆಂದು ನನ್ನ ಮನಸ್ಸಿಗೆ ಒಪ್ಪಿತು. ಗೆದ್ದವರೇ ಹಾಕಿಸಿದ ಕಲ್ಲಿನಲ್ಲಿ ತಮ್ಮೊಡೆಯನ ವಂಚನೆಯನ್ನು ಹೊಗಳಿಕೆಯಾಗಿ ಬರೆಸುವುದು ಸಹಜವಲ್ಲ. ಆನೆಯ ಮೇಲೆ ಮಡಿದನೆಂಬ ಚೋಳರ ಮಾತಿಗೂ ಇದು ಹೊಂದುತ್ತದೆ. ಮರುದಿನ ಹುಡುಗನಿಗೆ ಇದನ್ನು ಹೇಳಿದೆ. ಅವನು ಆನೆಯ ಮೇಲಣ ರಾಜಾದಿತ್ಯನಿಗೆ ತಡೆಯುವ ಬಲ ೪ ಎಂದು ಬರೆದು, ಎರಡು ಪಕ್ಷಕ್ಕೂ ಸಮನಾದ ಅವಕಾಶವಿಟ್ಟ. ಅದು ನನ್ನ ಅಧ್ಯಾಪನವೃತ್ತಿಯಲ್ಲಿ ನಾನು ಹೊಣೆ ಹೊತ್ತು ಕೊಟ್ಟ ಮೊದಲನೆಯ ತೀರ್ಪು ಎಂದರೆ ಅತಿಶಯವಾಗಲಾರದು.

ಬಂದ ವಸ್ತುವನ್ನು ತಿದ್ದಿ ಹೂಡುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ತಕ್ಕೋಲದ ಕಾಳಗಕ್ಕೆ ಸುಮಾರು ಎಂಟು ವರ್ಷ ಮುಂಚೆ, ೯೪೧ರಲ್ಲಿ, ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ಭಾರತವನ್ನು ರಚಿಸಿದ. ತನ್ನ ಒಡೆಯನನ್ನು ಅರ್ಜುನನಲ್ಲಿ ಬೆರೆಸಿದ. ದ್ರೌಪದಿ ಐವರ ಹೆಂಡತಿಯಾಗದೆ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಗೆ ಪಟ್ಟವೇರಿದವನು ಅರ್ಜುನನೇ. ಎಲ್ಲರೂ ಬಲ್ಲ ಕಥೆಯಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕವೇ ಅಲ್ಲಿ ಕವಿಯ ಪರೀಕ್ಷೆ. ಪಂಪ ಕರ್ಣನ ಸಾವನ್ನು ತಪ್ಪಿಸಲಿಲ್ಲ. ಸನ್ನಿವೇಶ ಹೂಡುವವರನ್ನು ಮಹಾಕವಿಯ ಪಂಕ್ತಿಯಲ್ಲಿ ಕೂರಿಸುವ ಉದ್ದೇಶ ನನಗಿಲ್ಲ. ಆದರೆ ಅವರು ಎದುರಿಸುವ ಔಚಿತ್ಯದ ಪ್ರಶ್ನೆ ಅದೇ ಜಾತಿಯದು. ಅವರಲ್ಲಿ ಒಳ್ಳೆಯವರು ಅದನ್ನು ಬಲ್ಲರು.

ಇದರಲ್ಲಿ ದೋಷಗಳಿಲ್ಲವೆಂದಲ್ಲ. ಆಟಗಾರ ಯಾವಾಗಲೂ ಅರಸನೇ; ಒಕ್ಕಲಿಗನ ಕಣ್ಣಿನಿಂದ, ನೇಕಾರನ ಕಣ್ಣಿನಿಂದ ಈ ಜಗತ್ತನ್ನು ನೋಡಲು ಬರುವುದಿಲ್ಲ. ಊರು ಹಾಳಾದರೆ ಜನಸಂಖ್ಯೆಯ ಅಂಕಿ ಒಂದು ಇಳಿಯುತ್ತದೆ. ಆ ಒಂದರೊಳಗೆ ಎಷ್ಟು ಮನೆಗಳ ಒಲೆ ಆರಿತೆಂಬುದು ಪರದೆಯ ಮೇಲೆ ಮೂಡುವುದಿಲ್ಲ. ಕಾಳಗ ಅಂಕಿಗೆ ಸುಲಭವಾಗಿ ಒಗ್ಗುವುದರಿಂದ, ಕಾಳಗವೇ ಇತಿಹಾಸವೆಂಬ ಭ್ರಮೆ ಹುಟ್ಟುತ್ತದೆ. ಮೂರನೆಯ ಕೃಷ್ಣ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಅದಕ್ಕೆ ಆಟದಲ್ಲಿ ಚೌಕವಿಲ್ಲ.

ಇನ್ನೊಂದು ದೋಷವನ್ನು ನಾನೇ ಹುಡುಗನಿಗೆ ಎತ್ತಿ ತೋರಿಸಿದೆ. ಅವನ ಸನ್ನಿವೇಶ ೯೪೯ರಲ್ಲಿ ಮುಗಿಯುತ್ತಿತ್ತು. ರಾಜಾದಿತ್ಯ ಮಡಿದೊಡನೆ, ರಾಷ್ಟ್ರಕೂಟರಿಗೆ ವಿಜಯವೆಂದು ಪರದೆಯ ಮೇಲೆ ಬರುತ್ತಿತ್ತು. ‘ಮುಂದೆ?’ ಎಂದೆ. ಮುಂದೆ ಕೃಷ್ಣ ತೆಂಕಣಕ್ಕೆ ನಡೆದು ರಾಮೇಶ್ವರದಲ್ಲಿ ಜಯಸ್ತಂಭ ನೆಟ್ಟನೆಂದು ೯೫೯ರ ಕರಹಾಡದ ತಾಮ್ರಶಾಸನ ಹೇಳುತ್ತದೆ. ಅವನು ೯೬೭ರಲ್ಲಿ ತೀರಿಕೊಂಡ. ೯೭೨ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆಮಾಡಿದ. ೯೭೩ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರ ಹೆಸರನ್ನು ಅಳಿಸಿದ. ತಕ್ಕೋಲದ ಗೆಲುವಿಗೆ ಇಪ್ಪತ್ತನಾಲ್ಕು ವರ್ಷದ ಆಯುಷ್ಯ. ಸೋತ ಚೋಳರೋ, ೯೮೫ರಲ್ಲಿ ರಾಜರಾಜ ಪಟ್ಟವೇರಿದ ಮೇಲೆ ಹಿಂದೆಂದೂ ಕಾಣದ ವೈಭವಕ್ಕೆ ಬಂದರು. ಹಾಗಾದರೆ ತಕ್ಕೋಲದಲ್ಲಿ ಗೆದ್ದವರು ಯಾರು? ಇದಕ್ಕೆ ಉತ್ತರ ಆಟ ಎಲ್ಲಿ ನಿಲ್ಲುತ್ತದೆಂಬುದರ ಮೇಲಿದೆ. ಇತಿಹಾಸದ ಪುಸ್ತಕ ಬರೆಯುವವನೂ ಅಧ್ಯಾಯವನ್ನು ಎಲ್ಲೋ ಒಂದೆಡೆ ಮುಗಿಸಲೇಬೇಕು. ಅಲ್ಲಿಯೇ ಅವನ ಪಕ್ಷಪಾತ ಅಡಗಿರುತ್ತದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ೯೭೩ರ ತನಕ ಎಳೆಯುತ್ತೇನೆ ಸರ್, ಆದರೆ ಪರೀಕ್ಷೆ ಮುಗಿದ ಮೇಲೆ’ ಎಂದ. ನಾನು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿದ.

ಪರೀಕ್ಷೆಗಳು ಮುಗಿದ ಮೇಲೆ ಒಂದು ಭಾನುವಾರ ನಾವಿಬ್ಬರೂ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಆತಕೂರಿನ ಕಲ್ಲು ಅಲ್ಲಿದೆ. ಹದಿನೇಳು ವರ್ಷ ಆ ಶಾಸನವನ್ನು ಪಾಠ ಹೇಳಿದ ನಾನು ಆ ಕಲ್ಲನ್ನು ಕಣ್ಣಾರೆ ನೋಡಿದುದು ಅಂದೇ ಮೊದಲು ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರ, ಸುತ್ತ ಅಕ್ಷರಗಳು. ಚಕ್ರವರ್ತಿಯ ಚಿತ್ರವಿಲ್ಲ, ಚೋಳನ ಚಿತ್ರವಿಲ್ಲ, ಆನೆಯೂ ಇಲ್ಲ. ಹುಡುಗ ಕೈಕಟ್ಟಿಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ, ‘ಸರ್, ಕಾಳಿಯನ್ನೂ ಸೇರಿಸಿದ್ದೇನೆ’ ಎಂದ.

‘ಅದಕ್ಕೆಷ್ಟು ಬಲ?’ ಎಂದೆ.

‘ಎರಗುವ ಬಲ ಸೊನ್ನೆ, ತಡೆಯುವ ಬಲ ಸೊನ್ನೆ. ಯುದ್ಧದಲ್ಲಿ ಅದರಿಂದ ಏನೂ ಆಗುವುದಿಲ್ಲ. ಆತಕೂರಿನ ಚೌಕದಲ್ಲಿ ಸುಮ್ಮನೆ ಇರುತ್ತದೆ. ಆದರೆ ಅದನ್ನು ಯಾರೂ ನೋಡದೆ ಆಟ ಮುಗಿಸಿದರೆ, ಕೊನೆಯಲ್ಲಿ ಒಂದು ಮಾತು ಬರುತ್ತದೆ.’

ಏನು ಮಾತೆಂದು ಕೇಳಿದೆ. ‘ನೀವು ಆಡಿ ನೋಡಿ ಸರ್’ ಎಂದು ನಕ್ಕ.

ಅವನು ನನ್ನ ವಿಷಯದಲ್ಲಿ ತರಗತಿಗೆ ಮೊದಲಿಗನಾಗಲಿಲ್ಲ, ಸಾಧಾರಣವಾಗಿ ತೇರ್ಗಡೆಯಾದ. ಈ ವರ್ಷ ಆತಕೂರಿನ ಶಾಸನ ಮತ್ತೆ ಪಾಠಕ್ಕೆ ಬಂದಾಗ, ‘ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದ್ದಿತು’ ಎಂಬಲ್ಲಿಗೆ ನಾನು ನಿಲ್ಲಿಸಲಿಲ್ಲ. ಎರಡು ಪಾಠಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ‘ನೀವೇ ಬರೆಯಬೇಕಾಗಿದ್ದರೆ ಯಾವುದನ್ನು ಬರೆಯುತ್ತಿದ್ದಿರಿ? ಏಕೆ?’ ಎಂದು ಕೇಳಿದೆ. ಮೊದಲು ಯಾರೂ ಮಾತನಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಗಂಟೆ ಬಾರಿಸಿದ ಮೇಲೆಯೂ ವಾದ ನಡೆದೇ ಇತ್ತು. ‘ಇದು ಪರೀಕ್ಷೆಗೆ ಬರುತ್ತದೆಯೆ?’ ಎಂದು ಅಂದು ಯಾರೂ ಕೇಳಲಿಲ್ಲ.